ಸಹಾಯ ಬೇಕು: ವ್ಯಾಮ್ ಹಾಕಿದ ಅಶ್ವಗಂಧದ ಮಡಿಯಲ್ಲಿ ಸಸಿ ಕೊಳೆಯುತ್ತಿದೆ, ಏನು ಕೊಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ ಕಡೆಯ ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲ. ಈ ಸಲ ಅಶ್ವಗಂಧದ ಬೀಜ ಚೆಲ್ಲದೆ, ಸಸಿ ಮಾಡಿ ನಾಟಿ ಮಾಡೋಣ ಅಂತ ಮಡಿ ಹಾಕಿದ್ದೇವೆ. ಬೀಜದ ಕೆಳಗೆ ತೆಳುವಾಗಿ ವ್ಯಾಮ್ ಹರಡಿದ್ದೇವೆ. ಬೇರಿನೊಳಗೆ ಬೆಳೆದು ಗಿಡಕ್ಕೆ ರಂಜಕ ತಂದುಕೊಡುವ ಶಿಲೀಂಧ್ರ ಅದು. ಮಣ್ಣಲ್ಲಿ ರಂಜಕ ಜಾಸ್ತಿ ಇದ್ದರೆ ಅದು ಬೇರಿಗೆ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ರಂಜಕದ ಗೊಬ್ಬರವಾದ ಡಿಎಪಿ ಮುಟ್ಟಿಲ್ಲ. ಕೊಟ್ಟಿಗೆ ಗೊಬ್ಬರ ಮಾತ್ರ.

ಈಗ ಮೋಡ ಹಿಡಿದು ಕೂತಿದೆ. ಮಡಿಯ ಒಂದು ಮೂಲೆಯಲ್ಲಿ ಸಸಿಗಳು ಬುಡ ಕೊಳೆತು ಮಲಗುತ್ತಿವೆ. ನೀರು ಕಡಿಮೆ ಮಾಡಿದೆವು, ಬಸಿಗಾಲುವೆ ತೆಗೆದೆವು, ಸತ್ತ ಸಸಿ ಕಿತ್ತು ಹಾಕಿದೆವು. ನಿಂತ ಹಾಗೆ ಕಾಣುತ್ತದೆ, ಮತ್ತೆ ಶುರುವಾಗುತ್ತದೆ.

ಅಂಗಡಿಯವರು ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಸುರಿಯಿರಿ ಅಂತಾರೆ. ಅದು ನಾವು ಹಾಕಿದ ಶಿಲೀಂಧ್ರಕ್ಕೂ ಏಟು ಕೊಡುತ್ತದೆ ಅಲ್ವಾ? ಅಲ್ಲದೆ ಇದು ಪಿಥಿಯಂ (ಒದ್ದೆ ಮಣ್ಣಲ್ಲಿ ಬೆಳೆಯುವ, ಶಿಲೀಂಧ್ರದಂತೆ ಕಾಣುವ ರೋಗಾಣು) ತರುವ ಕೊಳೆ ಆಗಿದ್ದರೆ ಅದಕ್ಕೆ ಕಾರ್ಬೆಂಡಜಿಮ್ ನಾಟುವುದೇ ಇಲ್ಲ, ಸುಮ್ನೆ ಖರ್ಚು. ಪಕ್ಕದ ಹೊಲದವರು ಟ್ರೈಕೋಡರ್ಮಾ ಸಾಕು ಅಂತಾರೆ. ಅದು ಬೇರೆ ಶಿಲೀಂಧ್ರಗಳನ್ನೇ ತಿನ್ನುವ ಜಾತಿ, ವ್ಯಾಮನ್ನು ಬಿಡುತ್ತದಾ? ವ್ಯಾಮ್ ಬೇರು ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಅದೇ ತಲೆನೋವು.

ಔಷಧಿ ಗಿಡದ ಮಡಿಗೆ ವ್ಯಾಮ್, ಟ್ರೈಕೋಡರ್ಮಾ ಎರಡನ್ನೂ ಕೊಟ್ಟವರು ದಯವಿಟ್ಟು ಹೇಳಿ. ಟ್ರೈಕೋಡರ್ಮಾ ಈಗಲೇ ಕೊಡಬಹುದಾ, ಇಲ್ಲ ವ್ಯಾಮ್ ಬೇರು ಹಿಡಿಯುವವರೆಗೆ ಕಾಯಬೇಕಾ? ಕಾಯಬೇಕಾದರೆ ಎಷ್ಟು ದಿನ?