ಹಳ್ಳದ ಕಲ್ಲುಗಳನ್ನು ಎತ್ತಬೇಕೇ?

(ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ನಡೆದ ಮಾತುಕತೆ. ಭಾವ ಎಂದರೆ ಅಕ್ಕನ ಗಂಡ.)

ಭಾವ: ಒಂದು ಶಿಬಿರದ ಫೋಟೊಗಳನ್ನು ಮೇಲೆ ಹಾಕಿದ್ದೇನೆ. ಮಕ್ಕಳು ಹಳ್ಳದ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಕಟ್ಟಿದ್ದಾರೆ, ಹೂವು ಎಲೆಗಳಿಂದ ಮಂಡಲ ಬಿಡಿಸಿದ್ದಾರೆ. ದಸರಾ ರಜೆಗೆ ಮಕ್ಕಳೆಲ್ಲ ಸಾಗರದ ಚಿಕ್ಕಮ್ಮನ ಮನೆಯಲ್ಲಿ ಸೇರಿದಾಗ ತೋಟದಾಚೆಯ ಹಳ್ಳದಲ್ಲಿ ಇದನ್ನೇ ಮಾಡಿಸಬಹುದು. ಬ್ರಿಟನ್ನಿನ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿಯವರು ಎಲೆ, ಕಲ್ಲು, ಮಂಜುಗಡ್ಡೆಗಳಿಂದ ಬಯಲಿನಲ್ಲಿಯೇ ಕೃತಿ ರಚಿಸಿ, ಅದು ಕರಗುವ ಅಥವಾ ಚದುರುವ ಮುನ್ನ ಚಿತ್ರ ತೆಗೆದಿಡುತ್ತಾರೆ. ಅಂಥದ್ದನ್ನು ನಮ್ಮ ಮಕ್ಕಳೂ ಮಾಡಲಿ.

ಅಕ್ಕ: ಇವರು ಇದನ್ನು ಮನೆಯಲ್ಲಿ ನನಗೂ ತೋರಿಸಿದರು. ಆ ಮಂಡಲದ ಅಂಚು ಕೈವಾರದಲ್ಲಿ ಎಳೆದಷ್ಟು ನೇರ್ಪಾಗಿದೆ. ಆರು ವರ್ಷದ ಮಕ್ಕಳು ಜೋಡಿಸಿದ್ದೆಷ್ಟು, ಶಿಕ್ಷಕರು ಸರಿಪಡಿಸಿದ್ದೆಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ. ಅದರಲ್ಲಿರುವ ಚೆಂಡುಹೂವು ಮಾರುಕಟ್ಟೆಯದು ಎಂಬುದಂತೂ ಸ್ಪಷ್ಟ.

ಸಾಗರದ ಚಿಕ್ಕಮ್ಮ: ಅಳಿಯಂದಿರೇ, ಮಕ್ಕಳು ಬರಲಿ, ಹಳ್ಳದಲ್ಲಿ ಆಡಲಿ, ಬಟ್ಟೆ ಒದ್ದೆ ಮಾಡಿಕೊಳ್ಳಲಿ. ಆದರೆ ಕಲ್ಲು ಕೀಳುವ ಕೆಲಸ ಮಾತ್ರ ಬೇಡ.

ದೊಡ್ಡಪ್ಪ: ಹಂಪಿಯಲ್ಲಿ ಸ್ವಂತ ಮನೆಯಾಗಲೆಂದು ಹರಸಿಕೊಂಡವರು ಕಲ್ಲಿನ ಮೇಲೆ ಕಲ್ಲಿಡುತ್ತಾರೆ. ಅದರಿಂದ ಯಾರಿಗೂ ಏನೂ ಆದಂತಿಲ್ಲ. ಮಕ್ಕಳ ಆಟಕ್ಕೂ ಇಷ್ಟೊಂದು ಕಟ್ಟುಪಾಡು ಏಕಮ್ಮ?

ನಾನು: ದೊಡ್ಡಪ್ಪ, ಅದು ಒಣಗುಡ್ಡ, ಇದು ಹರಿಯುವ ಹಳ್ಳ. ಇಲ್ಲಿನ ಕಲ್ಲಿನಡಿಯಲ್ಲಿ ನೀರ್ಕೀಟಗಳ ಮರಿಗಳು ಅಂಟಿಕೊಂಡು ಬದುಕುತ್ತವೆ. ಕ್ಯಾಡಿಸ್ ಎಂಬ ಕೀಟದ ಮರಿ ಮರಳಿನ ಹರಳು, ಎಲೆಯ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಮೈಗೊಂದು ಗೂಡು ಹೊಲಿದುಕೊಳ್ಳುತ್ತದೆ. ಇನ್ನು 2014ರಲ್ಲಿ ವಿಜ್ಞಾನಿಗಳು ವಿವರಿಸಿದ ಕುಂಬಾರ ಕಪ್ಪೆ ನಮ್ಮ ಮಲೆನಾಡಿನ ಹಳ್ಳಗಳದ್ದೇ. ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಅಂಟಿದ ಮೊಟ್ಟೆಗಳ ಮೇಲೆ ಗಂಡು ಕಪ್ಪೆ ಮುಂಗಾಲುಗಳಿಂದ ಹಳ್ಳದ ಕೆಸರನ್ನು ಎತ್ತಿ ತಂದು ಮೆತ್ತುತ್ತದೆ. ಮಕ್ಕಳಿಗೆ ಪ್ರಕೃತಿಯ ಕಲೆಯನ್ನು ತೋರಿಸಬೇಕೆಂದರೆ ಇದಕ್ಕಿಂತ ಬೇರೆ ಏನು ಬೇಕು? ಗೋಪುರಕ್ಕಾಗಿ ಕಲ್ಲು ಎತ್ತುವ ಮಗು ನೋಡಬೇಕಾದದ್ದನ್ನೇ ಅಡಿಮೇಲು ಮಾಡಿ, ನೋಡದೆಯೇ ಬರುತ್ತದೆ.

ಭಾವ: ನೀವು ಹೇಳಿದ್ದು ಸರಿಯೇ ಇರಬಹುದು, ಆದರೆ ಅದು ರಾತ್ರಿ ಹೊರಬರುವ ಕಪ್ಪೆ, ಎಂಟು ಗಂಟೆಗೆ ತೂಕಡಿಸುವ ಮಕ್ಕಳಿಗೆ ಅದನ್ನು ತೋರಿಸುವುದು ಹೇಗೆ? ಮಗು ಕೈಯಿಂದ ಮುಟ್ಟಿ ಕಲಿಯುತ್ತದೆ. ಮುಟ್ಟಬೇಡ, ಕೀಳಬೇಡ, ಎತ್ತಬೇಡ ಎಂದು ಮೂರು ಬಾರಿ ಹೇಳಿದರೆ ಅದು ನೇರವಾಗಿ ಮೊಬೈಲ್ ಹಿಡಿಯುತ್ತದೆ.

ಸಾಗರದ ಚಿಕ್ಕಮ್ಮ: ಮುಟ್ಟಲಿಕ್ಕೆ ಇಲ್ಲಿ ಕೊರತೆಯೇನಿದೆ? ಬೆಳಗಾಗುವ ಹೊತ್ತಿಗೆ ಪಾರಿಜಾತ ಅಂಗಳದ ತುಂಬ ತಾನೇ ಉದುರಿರುತ್ತದೆ. ತೋಟದಲ್ಲಿ ಬಿದ್ದ ಅಡಕೆ ಹಾಳೆಯ ಮೇಲೆ ಕೆಮ್ಮಣ್ಣು ಕಲಸಿ ಏನು ಬೇಕಾದರೂ ಬರೆಯಬಹುದು. ರಜೆ ಮುಗಿಯುವ ಹೊತ್ತಿಗೆ ಭೂಮಿ ಹುಣ್ಣಿಮೆಯೂ ಬರುತ್ತದೆ. ನಮ್ಮೂರಿನ ದೀವರು ಎಂಬ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಅಡುಗೆ ತುಂಬಿಸಿಕೊಂಡು ಗದ್ದೆಗೆ ಹೋಗಿ ಫಸಲು ಹೊತ್ತ ಭೂಮಿಗೆ ಪೂಜೆ ಸಲ್ಲಿಸುತ್ತಾರೆ. ಚಿತ್ತಾರದ ಕಪ್ಪು ಹುರಿದ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ, ಕುಂಚ ಪುಂಡಿ ನಾರಿನಿಂದ. ಇವನ್ನು ಹುಡುಕಿಕೊಂಡು ಹೊರಟರೇ ಮಕ್ಕಳಿಗೆ ಅರ್ಧ ಊರಿನ ಗಿಡಮರಗಳ ಪರಿಚಯವಾಗುತ್ತದೆ.

ಅಕ್ಕ: ಚಿತ್ತಾರ ಗೋಡೆ ಮತ್ತು ಬುಟ್ಟಿಯ ಕಲೆ, ಬಯಲಿನದಲ್ಲ ಎಂದು ಇವರು ಈಗ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಾರೆ.

ಭಾವ: ನನ್ನ ಮಾತನ್ನು ನಾನೇ ಬರೆಯುತ್ತೇನೆ. ಚಿತ್ತಾರದ ನವಿರಾದ ಸರಳರೇಖೆಗಳು ವರ್ಷಗಳ ಅಭ್ಯಾಸದಿಂದ ಬರುವಂಥವು. ಒಂದು ವಾರದ ರಜೆಗೆ ಬಂದ ನಗರದ ಮಕ್ಕಳಿಂದ ಅವನ್ನು ಎಳೆಸಿ, ಫೋಟೊ ತೆಗೆದು, ಸಂಪ್ರದಾಯ ಕಲಿಸಿದೆವು ಎಂದು ಹೇಳಿಕೊಳ್ಳುವುದು ಕಲ್ಲಿನ ಗೋಪುರಕ್ಕಿಂತ ಮೇಲಾದದ್ದೆಂದು ನನಗೆ ಅನ್ನಿಸುವುದಿಲ್ಲ.

ನಾನು: ಈ ಮಾತನ್ನು ಒಪ್ಪುತ್ತೇನೆ. ಹಾಗಾಗಿ ಚಿತ್ತಾರವನ್ನು ಮಕ್ಕಳು ಕುಳಿತು ನೋಡಲಿ, ಬಣ್ಣಕ್ಕೆ ಬೇಕಾದ ಸಾಮಗ್ರಿ ತಂದುಕೊಡಲಿ, ಅಕ್ಕಿ ಅರೆಯಲಿ. ತಮ್ಮದೇ ಗೀಚಾಟವನ್ನು ಅಡಕೆ ಹಾಳೆಯ ಮೇಲೆ ಮಾಡಲಿ. ಹಳ್ಳಕ್ಕೆ ಹೋದಾಗ ದಂಡೆಯ ಒದ್ದೆ ಮರಳಿನಲ್ಲಿ ಬೆರಳಿಂದ ಬರೆಯಲು ಯಾರ ಅಡ್ಡಿಯೂ ಇಲ್ಲ.

ದೊಡ್ಡಪ್ಪ: ಇದು ನ್ಯಾಯವಾದ ಮಾತು. ಆದರೆ ಮರಳಿನ ಮೇಲೆ ಬರೆಯುವಾಗ ದೊಡ್ಡವರು ಯಾರೂ ತಿದ್ದಬಾರದು.

ಸಾಗರದ ಚಿಕ್ಕಮ್ಮ: ಬುಟ್ಟಿ ಬರೆಯುವವರು ಕೊಯ್ಲಿನ ತಯಾರಿಯ ನಡುವೆ ಪುರುಸೊತ್ತು ಮಾಡಿಕೊಳ್ಳಬೇಕು, ಆದ್ದರಿಂದ ಅವರನ್ನು ಕೇಳದೆ ಮಕ್ಕಳಿಗೆ ಮಾತು ಕೊಡಬೇಡಿ. ನಾಳೆ ವಿಚಾರಿಸಿ ತಿಳಿಸುತ್ತೇನೆ. ಮಕ್ಕಳಿಗೆ ಹಳೆಯ ಬಟ್ಟೆ ಕಳುಹಿಸಿ. ಕೆಮ್ಮಣ್ಣಿನ ಕಲೆ ಹೋಗುವುದಿಲ್ಲ. ಇಲ್ಲಿರುವಷ್ಟು ದಿನ ಯಾರೂ ಫೋಟೊ ತೆಗೆಯಬಾರದು ಎಂಬುದು ನನ್ನದೊಂದು ಷರತ್ತು.

ಭಾವ: ಕಲ್ಲಿನ ವಿಷಯವನ್ನು ಇಲ್ಲಿಗೆ ಬಿಟ್ಟೆ, ಚಿಕ್ಕಮ್ಮ. ಫೋಟೊದ ಷರತ್ತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮರಳಿನ ಮೇಲಿನದು ಸಂಜೆಯೊಳಗೆ ಅಳಿಸಿಹೋಗುವಂಥದ್ದು, ಮಕ್ಕಳೇ ಬಂದು ತೆಗೆಯಿರಿ ಎಂದು ಕೇಳಿದರೆ ಏನು ಹೇಳಲಿ?