2012ರಿಂದ ಬರೆದ 380 ಬರಹ: ಎಲ್ಲಿಡಲಿ, ಹೇಗೆ ಹಂಚಲಿ?

ಬೈಗುಚುಕ್ಕಿ:

ನಾನು ರಾತ್ರಿ ಆಕಾಶ ನೋಡಿ, ಕಂಡದ್ದನ್ನು ಬರೆದಿಡುವವಳು. ಈಗಿನ ಬ್ಲಾಗ್ ಶುರುವಾದದ್ದು 2012ರ ಜೂನ್ 6ರಂದು, ಶುಕ್ರ ಗ್ರಹ ಸೂರ್ಯನ ಮುಂದೆ ಕಪ್ಪು ಚುಕ್ಕೆಯ ಹಾಗೆ ಹಾದುಹೋದ ದಿನ. ಅವತ್ತೇ ಗೂಗಲ್‌ನ ಉಚಿತ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಅದನ್ನು ತೆರೆದೆ. ಈಗ 380 ಬರಹ ಆಗಿವೆ. ಹೆಚ್ಚಿನವು ‘ಮೋಡ ಇತ್ತು, ಏನೂ ಕಾಣಲಿಲ್ಲ’ ಅನ್ನುವಂಥ ನಾಲ್ಕು ಸಾಲಿನವು. ಆದರೆ ಕೆಲವನ್ನು ಕಷ್ಟಪಟ್ಟು ಬರೆದಿದ್ದೇನೆ. 2020ರ ಡಿಸೆಂಬರ್ 21ರಂದು ಗುರು, ಶನಿ ಎರಡೂ ಅಂಟಿಕೊಂಡ ಹಾಗೆ ಕಂಡವಲ್ಲ, ಅದರ ಬಗ್ಗೆ ಬರೆದದ್ದನ್ನು ಈಗಲೂ ಜನ ಹುಡುಕಿಕೊಂಡು ಬಂದು ಓದುತ್ತಾರೆ.

ಒಂದು ಭಯ ಇದೆ. ಇದಕ್ಕೂ ಮೊದಲು ಬೇರೊಂದು ಉಚಿತ ತಾಣದಲ್ಲಿ ಬರೆಯುತ್ತಿದ್ದೆ. ಅದು ಮುಚ್ಚಿಹೋಯಿತು. ಮುಚ್ಚುತ್ತೇವೆ ಅಂತ ಅವರು ಕಳಿಸಿದ ಮೇಲ್ ನಾನು ನೋಡುವುದನ್ನೇ ಬಿಟ್ಟಿದ್ದ ಹಳೇ ವಿಳಾಸಕ್ಕೆ ಹೋಗಿತ್ತು. ಸುಮಾರು 60 ಬರಹ ಹೋದವು. ಎಲ್ಲೂ ಪ್ರತಿ ಇಟ್ಟುಕೊಂಡಿರಲಿಲ್ಲ. ಈ ಸಲ ಹಾಗಾಗಬಾರದು. ವರ್ಡ್‌ಪ್ರೆಸ್‌ಗೆ ಹೋಗಲಾ? ಅಥವಾ ಬೇರೇನಾದರೂ?

ಇನ್ನೊಂದು ಗೋಳು. ದೊಡ್ಡಮ್ಮನ ಮಗ ‘ಎಲ್ಲಾ ಒಟ್ಟಿಗೆ ಕಳಿಸು, ಫೋನ್‌ನಲ್ಲಿ ಓದ್ಕೋತೀನಿ’ ಅಂದ. ಆಯ್ದ 40 ಬರಹಗಳ ಪಿಡಿಎಫ್ ಮಾಡಿ ಕಳಿಸಿದೆ. ಒಂದೊಂದು ಸಾಲಿಗೂ ಬೆರಳಲ್ಲಿ ಹಿಗ್ಗಿಸಿ, ಪಕ್ಕಕ್ಕೆ ಜಗ್ಗಿ ಓದಬೇಕಂತೆ. ಒಂದು ಪ್ಯಾರಾ ಕಾಪಿ ಮಾಡಿ ಯಾರಿಗೋ ಕಳಿಸಲು ಹೋದರೆ ಒತ್ತಕ್ಷರವೆಲ್ಲ ಎಲ್ಲೆಲ್ಲೋ ಹೋಗಿ ಕೂತಿದ್ದವಂತೆ. ಇದು ನನ್ನ ತಪ್ಪಾ, ಪಿಡಿಎಫ್‌ದಾ?

ಗೀಚುಪೆನ್ನು:

ಯೋಚನೆನೇ ಬೇಡ, ವರ್ಡ್‌ಪ್ರೆಸ್. 2003ರಿಂದ ಇದೆ, ಮುಕ್ತ ತಂತ್ರಾಂಶ. ನಡೆಸುವವರು ನಾಳೆ ಕೈಬಿಟ್ಟರೂ ಬೇರೆಯವರು ಮುಂದುವರಿಸಬಹುದು. ಬ್ಲಾಗರ್‌ನಿಂದ ಬರಹ ಎಳೆದುಕೊಳ್ಳಲು ಅದರಲ್ಲೇ ಇಂಪೋರ್ಟರ್ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ.

ಹಳೆಕೀಲಿಮಣೆ:

ಬೈಗುಚುಕ್ಕಿ ಅವರೇ, ಒಂದು ಮಧ್ಯಾಹ್ನದ ಕೆಲಸ ಅಂತ ನಾನೂ ನಂಬಿದ್ದೆ. ಮೂರು ವಾರ ಹಿಡಿಯಿತು. ಹಾಗಾಗಿ ಉದ್ದವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ.

ನನ್ನ ಕೇಳಿದರೆ ಈಗಲೇ ಎಲ್ಲಿಗೂ ಹೋಗಬೇಡಿ. ನೀವು ಕಳೆದುಕೊಂಡ 60 ಬರಹ ಹೋದದ್ದು ತಾಣ ಮುಚ್ಚಿದ್ದಕ್ಕಲ್ಲ, ಪ್ರತಿ ಇರಲಿಲ್ಲವಲ್ಲ, ಅದಕ್ಕೆ. ತಾಣಗಳು ಮುಚ್ಚುತ್ತಲೇ ಇರುತ್ತವೆ. ಜಿಯೋಸಿಟೀಸ್‌ನಂಥ, ಊರಿನಷ್ಟು ದೊಡ್ಡ ತಾಣವೇ 2009ರಲ್ಲಿ ಅಳಿದುಹೋಯಿತು. ಪೋಸ್ಟರಸ್ ಅನ್ನುವ ಬ್ಲಾಗ್ ತಾಣ 2013ರಲ್ಲಿ ಹೋಯಿತು. ವರ್ಡ್‌ಪ್ರೆಸ್‌ಗೆ ಹೋಗಿ ಅಲ್ಲೂ ಪ್ರತಿ ಇಟ್ಟುಕೊಳ್ಳದಿದ್ದರೆ ಭಯ ಹಾಗೇ ಉಳಿಯುತ್ತದೆ, ಅಲ್ವಾ?

ಮೊದಲು ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್ ಎಲ್ಲಾ ಬರಹ, ಎಲ್ಲಾ ಕಮೆಂಟು ಸೇರಿಸಿ ಒಂದು ಎಕ್ಸ್‌ಎಂಎಲ್ ಕಡತ ಕೊಡುತ್ತದೆ. ಅದನ್ನು ನೋಡಿ ‘ಅಬ್ಬಾ, ಎಲ್ಲಾ ಬಂತು’ ಅಂದುಕೊಳ್ಳಬೇಡಿ. ಚಿತ್ರಗಳು ಅದರಲ್ಲಿ ಇರುವುದಿಲ್ಲ, ಬರೀ ಚಿತ್ರಗಳ ವಿಳಾಸ ಇರುತ್ತದೆ. ವರ್ಡ್‌ಪ್ರೆಸ್ ಕೊಡುವ ಕಡತದಲ್ಲೂ ಅದೇ ಕಥೆ. ಆಕಾಶದ ಫೋಟೋಗಳ ಮೂಲ ಪ್ರತಿಯನ್ನು ವರ್ಷವಾರು ಫೋಲ್ಡರ್ ಮಾಡಿ ಬೇರೆ ಇಡಿ. ಒಂದು ಕಂಪ್ಯೂಟರ್‌ನಲ್ಲಿ, ಇನ್ನೊಂದು ಹೊರಗಿನ ಡಿಸ್ಕ್‌ನಲ್ಲಿ.

ಆಮೇಲೆ ಒಂದು ಸ್ವಂತ ಡೊಮೈನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ತೆಗೆದುಕೊಂಡು ಬ್ಲಾಗರ್‌ಗೇ ಜೋಡಿಸಿ. ಇದನ್ನು ಮಾತ್ರ ಮುಂದೂಡಬೇಡಿ. ಜೋಡಿಸಿದ ಮೇಲೆ ಹಳೇ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ (ಬ್ಲಾಗರ್ ಉಚಿತವಾಗಿ ಕೊಟ್ಟದ್ದು) ಬಂದವರನ್ನು ಬ್ಲಾಗರ್ ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುತ್ತದೆ. ಮುಂದೆ ಯಾವತ್ತೋ ವರ್ಡ್‌ಪ್ರೆಸ್‌ಗೆ ಹೋದರೆ, ಡೊಮೈನ್ ನಿಮ್ಮದೇ ಆದ್ದರಿಂದ ಕೊಂಡಿಗಳನ್ನು ಅಲ್ಲೂ ಹಾಗೇ ಉಳಿಸಿಕೊಳ್ಳಬಹುದು. ಬ್ಲಾಗ್‌ಸ್ಪಾಟ್ ವಿಳಾಸದಿಂದ ನೇರವಾಗಿ ಹೊರಟರೆ ಆ ಅನುಕೂಲ ಇಲ್ಲ. ಗುರು, ಶನಿ ಬರಹಕ್ಕೆ ಯಾರ್ಯಾರೋ ಕೊಂಡಿ ಕೊಟ್ಟಿರುತ್ತಾರೆ, ಅವೆಲ್ಲ ಹಳೇ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ನಾನು ಈ ತಪ್ಪನ್ನೇ ಮಾಡಿಕೊಂಡೆ. ಮೂರು ವಾರ ಹಿಡಿದದ್ದು ಬರಹ ಸಾಗಿಸಲು ಅಲ್ಲ, ಮುರಿದ ಕೊಂಡಿ ಹುಡುಕಲು.

ಡೊಮೈನ್ ಅನ್ನುವುದು ಖರೀದಿಯಲ್ಲ, ಬಾಡಿಗೆ. ಡಾಟ್ ಕಾಮ್ ಥರದ್ದನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು. ತಪ್ಪಿದರೆ ಬೇರೆಯವರು ಹಿಡಿಯುತ್ತಾರೆ. ನನ್ನ ಮೊದಲ ಡೊಮೈನ್ ಹಾಗೇ ಹೋಯಿತು, ಈಗ ಅಲ್ಲಿ ಜೂಜಿನ ಜಾಹೀರಾತು ಕುಣಿಯುತ್ತಿದೆ! ಮೇಲ್ ವಿಳಾಸ ಮಾತ್ರ ದಿನಾ ನೋಡುವಂಥದ್ದನ್ನೇ ಕೊಡಿ. ನಿಮಗಂತೂ ಇದನ್ನು ಹೇಳಬೇಕಾಗಿಲ್ಲ. ಹಾಗೇ, 2 ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಆಗಾಗ ಲಾಗಿನ್ ಆಗುತ್ತಿರಿ.

ವರ್ಡ್‌ಪ್ರೆಸ್ ಬಗ್ಗೆ ಗೀಚುಪೆನ್ನು ಹೇಳಿದ್ದು ಸುಳ್ಳಲ್ಲ. ಆದರೆ ಆ ಹೆಸರಲ್ಲಿ ಎರಡಿವೆ. ಡಾಟ್ ಕಾಮ್‌ನದ್ದು ಒಂದು ಕಂಪನಿ ತಾನೇ ನಡೆಸುವ ತಾಣ. ಡಾಟ್ ಆರ್ಗ್‌ನದ್ದು ನಾವೇ ಹೋಸ್ಟಿಂಗ್ (ತಾಣ ಇಡಲು ಬಾಡಿಗೆ ಜಾಗ) ಹಿಡಿದು ಹಾಕಿಕೊಳ್ಳುವ ತಂತ್ರಾಂಶ. ಎರಡನೆಯದರಲ್ಲಿ ಸ್ವಾತಂತ್ರ್ಯ ಜಾಸ್ತಿ, ಚಾಕರಿಯೂ ಜಾಸ್ತಿ. ಪ್ಲಗಿನ್ (ಮೇಲಿಂದ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಅಪ್‌ಡೇಟ್ ಮಾಡದೆ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ. ನಕ್ಷತ್ರ ನೋಡುವ ಹೊತ್ತಲ್ಲಿ ಪ್ಲಗಿನ್ ನೋಡುತ್ತಾ ಕೂರಬೇಕು.

ಇನ್ನೊಂದು ಪುಟ್ಟ ವಿಷಯ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಕೊಂಡಿಯಲ್ಲೂ ಕನ್ನಡವನ್ನೇ ಇಡುತ್ತದೆ. ನೋಡಲು ಚೆಂದ. ಆದರೆ ಕಾಪಿ ಮಾಡಿದರೆ ಬರೀ ಶೇಕಡಾ ಚಿಹ್ನೆಗಳ ಸಂತೆ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ (ಯಂತ್ರ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಕ್ರಮ) 3 ಬೈಟ್ ಬೇಕು, ಒಂದೊಂದು ಬೈಟ್ ಕೊಂಡಿಯಲ್ಲಿ 3 ಅಕ್ಷರ ಆಗುತ್ತದೆ. ‘ಗುರು’ ನಮಗೆ ಎರಡಕ್ಷರ, ಯಂತ್ರಕ್ಕೆ ಗ, ಕೊಂಬು, ರ, ಕೊಂಬು ಅಂತ ನಾಲ್ಕು. ಅಲ್ಲಿಗೆ ಕೊಂಡಿಯಲ್ಲಿ 36 ಅಕ್ಷರ. ವರ್ಡ್‌ಪ್ರೆಸ್ ಆ ಭಾಗಕ್ಕೆ 200 ಅಕ್ಷರದ ಮಿತಿ ಇಟ್ಟಿದೆ, ಹಾಗಾಗಿ ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಬ್ಲಾಗರ್ ಆದರೋ ಕನ್ನಡವನ್ನು ಪೂರ್ತಿ ಬಿಟ್ಟು ‘ಬ್ಲಾಗ್-ಪೋಸ್ಟ್_12’ ಅಂತ ಏನೋ ಒಂದು ಬರೆದುಕೊಳ್ಳುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಬರಹದ ಕಾಯಂ ಕೊಂಡಿ) ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಬರೆದುಬಿಡಿ. ಹಳೇ 380ನ್ನು ಮುಟ್ಟಬೇಡಿ, ಇದ್ದ ಹಾಗೇ ಇರಲಿ.

ಈಗ ಪಿಡಿಎಫ್. ತಪ್ಪು ನಿಮ್ಮದಲ್ಲ. ಪಿಡಿಎಫ್ ಹುಟ್ಟಿದ್ದು 1993ರಲ್ಲಿ, ಯಾವ ಯಂತ್ರದಲ್ಲಿ ತೆರೆದರೂ, ಮುದ್ರಿಸಿದರೂ ಪುಟ ಒಂದೇ ಥರ ಕಾಣಲಿ ಅಂತ. ಪುಟದ ಅಳತೆ ಅದಕ್ಕೆ ಮುಖ್ಯ, ಓದುವವರ ಪರದೆಯ ಅಳತೆ ಅಲ್ಲ. ಎ4 ಪುಟವನ್ನು ಅಂಗೈಯಗಲದ ಪರದೆಗೆ ಇಳಿಸಿದರೆ ಇರುವೆ ಸಾಲೇ. ಕಾಪಿ ಮಾಡುವಾಗ ಕೆಡುವುದಕ್ಕೂ ಕಾರಣ ಇದೆ. ಪಿಡಿಎಫ್ ನೆನಪಿಡುವುದು ಯಾವ ಆಕಾರ ಪುಟದ ಯಾವ ಜಾಗದಲ್ಲಿ ಕೂರಬೇಕು ಅಂತ. ಅಕ್ಷರ ಯಾವುದು, ಯಾವುದಾದ ಮೇಲೆ ಯಾವುದು ಅನ್ನುವ ಲೆಕ್ಕ ಕನ್ನಡದಂಥ ಲಿಪಿಯಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಕಣ್ಣಿಗೆ ಸರಿ ಕಾಣುವ ಪಿಡಿಎಫ್‌ನಲ್ಲಿ ‘ನಕ್ಷತ್ರ’ ಅಂತ ಹುಡುಕಿ ನೋಡಿ. ಎಷ್ಟೋ ಸಲ ಸಿಗುವುದೇ ಇಲ್ಲ.

ನಿಮ್ಮ ಅಣ್ಣನಿಗೆ ಇಪಬ್ (ಇ-ಪುಸ್ತಕದ ಕಡತ) ಮಾಡಿ ಕಳಿಸಿ. ಅದೇನೂ ಬ್ರಹ್ಮವಿದ್ಯೆಯಲ್ಲ, ವೆಬ್ ಪುಟಗಳನ್ನು ಗಂಟುಕಟ್ಟಿದ ಜಿಪ್ ಕಡತ ಅಷ್ಟೇ. ಹೆಸರಿನ ಕೊನೆಯಲ್ಲಿ ಇಪಬ್ ಬದಲು ಜಿಪ್ ಅಂತ ಬರೆದು ತೆರೆದು ನೋಡಿ, ಒಳಗೆ ಪುಟಗಳೂ ಚಿತ್ರಗಳೂ ಬೇರೆ ಬೇರೆ ಕೂತಿರುತ್ತವೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದುಕೊಳ್ಳುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ 40 ಬರಹ ಹಾಕಿ, ಪ್ರತಿ ಶೀರ್ಷಿಕೆಗೂ ‘ಹೆಡಿಂಗ್ 1’ ಸ್ಟೈಲ್ ಕೊಡಿ. ಬರೀ ಅಕ್ಷರ ದಪ್ಪ ಮಾಡಿದರೆ ಸಾಲದು, ಪರಿವಿಡಿ ಸಿದ್ಧವಾಗುವುದು ಆ ಸ್ಟೈಲ್ ನೋಡಿಯೇ. ಆಮೇಲೆ ಇಪಬ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಗೂಗಲ್ ಡಾಕ್ಸ್‌ನಲ್ಲೂ ಆಗುತ್ತದೆ. ಫೋಟೋಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಮೇಲೆ ಸೇರಿಸಿ, ಇಲ್ಲದಿದ್ದರೆ ಕಡತ ಆನೆ ಆಗುತ್ತದೆ.

ಬೈಗುಚುಕ್ಕಿ:

ಹಳೆಕೀಲಿಮಣೆ ಅವರೇ, ಇದನ್ನು ಪ್ರಿಂಟ್ ಹಾಕಿ ಇಟ್ಟುಕೊಂಡೆ. ನಗಬೇಡಿ.

ಒಂದು ವಿಷಯ ಬಿಟ್ಟುಹೋಗಿತ್ತು. 2012ಕ್ಕೂ ಮೊದಲಿನ ಕೆಲವು ದಿನಚರಿ ಕಡತಗಳು ಸಿಕ್ಕಿವೆ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಹಾಗಿದೆ. ಹಾಳಾಗಿವೆಯಾ?

ಮತ್ತೆ, ವಾಟ್ಸಾಪ್‌ನಲ್ಲಿ ನನ್ನದೇ ಬರಹ ನನಗೇ ಬಂತು. ನನ್ನ ಹೆಸರು ಮಾತ್ರ ಇರಲಿಲ್ಲ.

ಹಳೆಕೀಲಿಮಣೆ:

ಹಾಳಾಗಿಲ್ಲ. ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಬಳಕೆಗೆ ಬರುವ ಮೊದಲು ಫಾಂಟ್ ಮಾಡುವವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈಗ ನಿಮಗೆ ಕಂಡದ್ದು. ಯಾವ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಿ ಅಂತ ಮೊದಲು ಪತ್ತೆ ಮಾಡಿ. ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟ್‌ಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಬದಲಿಸಿದ ಮೇಲೆ ಅರ್ಕಾವತ್ತನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ‘ಸೂರ್ಯ’ದಲ್ಲಿ ಹಳೇ ಫಾಂಟ್ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ತಪ್ಪು ಹುಟ್ಟುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಬರಹದಲ್ಲಂತೂ ಸೂರ್ಯ ಎಷ್ಟು ಸಲ ಬಂದಿದ್ದಾನೋ! ಮೂಲ ಕಡತ ಅಳಿಸಬೇಡಿ, ಜೊತೆಗೇ ಇಡಿ.

ಹೆಸರು ಕೀಳುವವರನ್ನು ತಡೆಯಲು ಆಗುವುದಿಲ್ಲ. ನಾನು ಕೊನೆಯಲ್ಲಿ ಬರೆಯುತ್ತಿದ್ದ ಹೆಸರನ್ನು ಎರಡನೇ ಪ್ಯಾರಾದ ನಡುವೆ ಸೇರಿಸಲು ಶುರು ಮಾಡಿದ ಮೇಲೆ ಅರ್ಧ ಕಡಿಮೆಯಾಯಿತು. ಕತ್ತರಿಸುವವರು ಪೂರ್ತಿ ಓದುವುದಿಲ್ಲವಲ್ಲ.

ಒಂದುಕಡತ:

ಎಲ್ಲರೂ ತಾಣ ತಾಣ ಅಂತಿದ್ದೀರಿ. ನಾನು ಎಲ್ಲವನ್ನೂ ಮಾರ್ಕ್‌ಡೌನ್‌ನಲ್ಲಿ ಬರೆಯುತ್ತೇನೆ. ಬರೀ ಪಠ್ಯ ಕಡತ, ಶೀರ್ಷಿಕೆಗೆ ಒಂದು ಹ್ಯಾಶ್ ಚಿಹ್ನೆ, ಒತ್ತಿ ಹೇಳುವ ಪದಕ್ಕೆ ನಕ್ಷತ್ರ ಚಿಹ್ನೆ (ನಿಮಗೆ ಇಷ್ಟವಾಗಬಹುದು!). 2004ರಲ್ಲಿ ಬಂದದ್ದು. ಅದೇ ಕಡತದಿಂದ ಹ್ಯೂಗೋ ಅಥವಾ ಜೆಕಿಲ್ ವೆಬ್‌ಸೈಟ್ ಮಾಡಿಕೊಡುತ್ತದೆ, ಪ್ಯಾಂಡಾಕ್ ಒಂದೇ ಸಾಲಿನ ಆದೇಶದಲ್ಲಿ ಇಪಬ್ ಮಾಡಿಕೊಡುತ್ತದೆ. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ನುಗ್ಗಲು ಬಾಗಿಲೇ ಇಲ್ಲ.

ಗೀಚುಪೆನ್ನು:

ಆ ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡೋದು ಯಾರು ಸ್ವಾಮಿ? ಅವರು ಕೇಳಿದ್ದು ಬರೆಯೋದಕ್ಕೆ ಜಾಗ, ಇಂಜಿನಿಯರಿಂಗ್ ಅಲ್ಲ.

ಹಳೆಕೀಲಿಮಣೆ:

ಇಬ್ಬರೂ ಸರಿ. ಹ್ಯೂಗೋ ಬಿಡಿ, ಆದರೆ ಇನ್ನು ಮುಂದೆ ಬರೆಯುವುದನ್ನು ಮೊದಲು ಪಠ್ಯ ಕಡತದಲ್ಲಿ ಬರೆದು, ಆಮೇಲೆ ಬ್ಲಾಗ್‌ಗೆ ಅಂಟಿಸುವುದು ಒಳ್ಳೆಯದು. ಕಡತದ ಹೆಸರು ದಿನಾಂಕದಿಂದ ಶುರುವಾಗಲಿ, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಸಾಲಾಗಿ ತಾವೇ ನಿಲ್ಲುತ್ತವೆ. ಇಪ್ಪತ್ತು ವರ್ಷ ಬಿಟ್ಟು ಯಾವ ಯಂತ್ರದಲ್ಲಾದರೂ ತೆರೆಯಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಪಠ್ಯ ಕಡತ ಒಂದರ ಬಗ್ಗೆ ಮಾತ್ರ.

ಮತ್ತೆ, ಮುಖ್ಯವಾದ ಹತ್ತಿಪ್ಪತ್ತು ಬರಹಗಳ ಕೊಂಡಿಯನ್ನು ವೆಬ್ ಪುಟಗಳ ಪ್ರತಿ ಕಾಪಾಡಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನ್‌ಗೆ ಕೊಟ್ಟು ಉಳಿಸಿ. ಹಾಗೇ, ಕಳೆದುಹೋದ ಆ ಹಳೇ ತಾಣದ ವಿಳಾಸ ನೆನಪಿದ್ದರೆ ಅಲ್ಲೇ ಹಾಕಿ ಹುಡುಕಿ ನೋಡಿ. ಇರಲೂಬಹುದು.

ಬೈಗುಚುಕ್ಕಿ:

ಎಂಟು ದಿನ ಆಯಿತು, ಎಲ್ಲಿಗೆ ಬಂತು ಅಂತ ಹೇಳುತ್ತೇನೆ. ಬ್ಯಾಕಪ್ ಇಳಿಸಿಕೊಂಡೆ, ಫೋಟೋಗಳಲ್ಲಿ 2016ರ ತನಕದ್ದು ಮುಗಿಯಿತು. ಡೊಮೈನ್ ಜೋಡಿಸಿದೆ. ಬ್ಲಾಗರ್‌ನಲ್ಲೇ ಇರುತ್ತೇನೆ. ಗೀಚುಪೆನ್ನು ಅವರು ಕೋಪ ಮಾಡಿಕೊಳ್ಳಬಾರದು.

ವೇಬ್ಯಾಕ್ ಮೆಷೀನ್‌ನಲ್ಲಿ ಹಳೇ ತಾಣದ 11 ಪುಟ ಸಿಕ್ಕವು! ಚಿತ್ರಗಳಿಲ್ಲ, ಕೆಲವು ಅರ್ಧಕ್ಕೇ ನಿಂತಿವೆ. ಆದರೂ ರಾತ್ರಿ ಒಂದೂವರೆ ತನಕ ಕೂತು ಓದಿದೆ. ಆಗ ಎಷ್ಟು ಉದ್ದುದ್ದ ವಾಕ್ಯ ಬರೆಯುತ್ತಿದ್ದೆ ಅಂತ ನಾಚಿಕೆಯಾಯಿತು. ಎಲ್ಲವನ್ನೂ ಪಠ್ಯ ಕಡತಕ್ಕೆ ಇಳಿಸಿಕೊಂಡಿದ್ದೇನೆ, ತಿದ್ದಿಲ್ಲ.

ಇಪಬ್ ಅಣ್ಣನಿಗೆ ತಲುಪಿತು. ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದಾನಂತೆ. 17ನೇ ಬರಹದಲ್ಲಿ ‘ಶನಿ’ ಅನ್ನುವ ಕಡೆ ‘ಶನಿವಾರ’ ಅಂತಾಗಿದೆ, ತಿದ್ದಿ ಇನ್ನೊಂದು ಸಲ ಕಳಿಸು ಅಂದ.