ಎರಡೂ 12 ವೋಲ್ಟ್ ಅಲ್ವಾ?

ಕಾಕಾ: ಎಲ್ಲರೂ ಈ ವಿಡಿಯೋ ನೋಡಿ. ಒಬ್ಬ ಟ್ರ್ಯಾಕ್ಟರ್ ಬ್ಯಾಟರಿಗೆ ಎರಡು ವೈರ್ ಸಿಕ್ಕಿಸಿದ, ವೈಫೈ ರೌಟರ್ ಹತ್ತಿತು. ಅಡಾಪ್ಟರೂ ಇಲ್ಲ, ಏನೂ ಇಲ್ಲ. ಈ ಸಲ ತೊಗರಿ ರಾಶಿ ಹೊತ್ತಿಗೆ ಹೊಲದ ಶೆಡ್ಡಿನಲ್ಲಿ ಹೀಗೇ ಮಾಡಿ ಕ್ಯಾಮೆರಾ ಹಾಕಿಸುತ್ತೇನೆ.

ಅಕ್ಕ: ಸೂಪರ್ ಕಾಕಾ!

ನಾನು: ಕಾಕಾ, ಹಂಗೇ ನೇರ ಕೊಡಬೇಡಿ. ವಿಡಿಯೋದಲ್ಲಿ ಎಂಜಿನ್ ಬಂದ್ ಇದೆ ನೋಡ್ರಿ.

ಕಾಕಾ: ಇದ್ದರೇನು? ಬ್ಯಾಟರಿ ಮೇಲೆ 12 ವೋಲ್ಟ್ ಅಂತ ಬರೆದಿದೆ. ರೌಟರ್ ಅಡಾಪ್ಟರ್ ಮೇಲೂ 12. ಮಧ್ಯೆ ನಿನ್ನದೇನು ಲೆಕ್ಕ?

ನಾನು: 12 ಅನ್ನೋದು ಹೆಸರಿಗೆ ಮಾತ್ರ. ಫುಲ್ ಚಾರ್ಜ್ ಆಗಿ ಸುಮ್ನೆ ನಿಂತ ಬ್ಯಾಟರಿಯಲ್ಲೇ 12.6 ಇರುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಅದನ್ನು 14.4ರ ತನಕ ಏರಿಸುತ್ತದೆ. ಸೆಲ್ಫ್ ಹೊಡೆದಾಗ 10ಕ್ಕಿಂತ ಕೆಳಗೂ ಬೀಳಬಹುದು, ಆಗ ರೌಟರ್ ಆಫ್. ಗಾಡಿ ಓಡುವಾಗ ಬ್ಯಾಟರಿ ಟರ್ಮಿನಲ್ ಕಳಚಿತು ಅನ್ನಿ, ಒಂದು ಕ್ಷಣ ಹತ್ತಾರು ವೋಲ್ಟ್ ನುಗ್ಗುತ್ತದೆ. ನಿಮ್ಮ ಟ್ರ್ಯಾಕ್ಟರಿನ ಟರ್ಮಿನಲ್ ಎಷ್ಟು ಬಿಗಿ ಇದೆ ಅಂತ ನಿಮಗೇ ಗೊತ್ತು.

ಮಾಮಾ: ಬೀಗರ ಮಾತೂ ತೆಗೆದುಹಾಕುವಂಥದ್ದಲ್ಲ. ನಮ್ಮ ಲಾರಿ 24 ವೋಲ್ಟಿನದು. ಡ್ರೈವರ್ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆದು ಹಾಡಿನ ಟೇಪ್ ಹಾಕಿಕೊಂಡಿದ್ದಾನೆ. ಆರಾಮಾಗಿ ನಡೆದಿದೆ.

ನಾನು: ಮಾಮಾ, ಆ ಎರಡರಲ್ಲಿ ಒಂದು ಬ್ಯಾಟರಿ ಬೇಗ ಹೋಗುತ್ತದಾ?

ಮಾಮಾ: ಹೌದಲ್ಲ! ಮಾಲೇ ಸರಿಯಿಲ್ಲ ಅನ್ನುತ್ತಾನೆ ಅವನು.

ನಾನು: ಮಾಲಿನ ತಪ್ಪಲ್ಲ ಅದು. ಟೇಪಿಗೆ ಕೊಡುವ ಬ್ಯಾಟರಿ ಜಾಸ್ತಿ ಖಾಲಿ ಆಗುತ್ತದೆ. ಆದರೆ ಎರಡನ್ನೂ ಒಂದರ ಹಿಂದೊಂದು ಜೋಡಿಸಿರುವುದರಿಂದ ಚಾರ್ಜ್ ಆಗುವಾಗ ಎರಡಕ್ಕೂ ಹರಿಯುವುದು ಅದೇ ಕರೆಂಟ್. ಒಂದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಇಂಗಿಸಿಕೊಳ್ಳುತ್ತದೆ. 24ರಿಂದ 12 ಮಾಡುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿ.

ಅಜ್ಜಿ: ರಾಶಿ ಯಾವಾಗ ಅಂತ ಮೊದಲು ಹೇಳ್ರಿ. ಕ್ಯಾಮೆರಾ ಆಮೇಲೆ.

ವೈನಿ: 12 ವೋಲ್ಟ್ ಶಾಕ್ ಕೂಡ ಹೊಡೆಯುವುದಿಲ್ಲ ಅಲ್ವಾ? ಇಷ್ಟು ಹೆದರಿಕೆ ಯಾಕೆ?

ನಾನು: ಶಾಕ್ ಹೊಡೆಯುವುದಿಲ್ಲ ವೈನಿ, ಬೆಂಕಿ ಹಚ್ಚುತ್ತದೆ. ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ. ವಿಡಿಯೋ ಮಧ್ಯದಲ್ಲಿ ನಿಲ್ಲಿಸಿ ನೋಡ್ರಿ. ಸಣ್ಣ ಕೆಂಪು ವೈರ್ ಬಾನೆಟ್ ತಗಡಿನ ಅಂಚಿನ ಮೇಲೇ ಹಾದು ಬಂದಿದೆ. ಗಾಡಿ ಅದುರಿ ಅದುರಿ ಅದರ ಪ್ಲಾಸ್ಟಿಕ್ ಸವೆದು ತಗಡಿಗೆ ತಾಗಿದರೆ ವೈರ್ ಕೆಂಡವಾಗುತ್ತದೆ. ನಮ್ಮಲ್ಲಿ ಪಕ್ಕದಲ್ಲೇ ಒಣ ತೊಗರಿ ಹೊಟ್ಟು. ಫ್ಯೂಸ್ ಅಂತೂ ಎಲ್ಲೂ ಕಾಣುವುದಿಲ್ಲ.

ಕಾಕಾ: ರೌಟರ್ ಹತ್ತಿರ ಒಂದು ಫ್ಯೂಸ್ ಹಾಕಿದರಾಯಿತು.

ನಾನು: ಅಲ್ಲಿ ಹಾಕಿದರೆ ಬ್ಯಾಟರಿಯಿಂದ ಅಲ್ಲಿ ತನಕದ ವೈರನ್ನು ಯಾರು ಕಾಯಬೇಕು ಕಾಕಾ? ಫ್ಯೂಸ್ ಇರುವುದೇ ವೈರಿಗಾಗಿ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಲಿ. ರೌಟರ್, ಕ್ಯಾಮೆರಾ ಎರಡಕ್ಕೂ ಸೇರಿ 3 ಆಂಪಿಯರಿನದು ಸಾಕು. ಆಮೇಲೆ ಒಂದು ಬಕ್-ಬೂಸ್ಟ್ ಕನ್ವರ್ಟರ್. ಒಳಗೆ 9 ಬರಲಿ, 15 ಬರಲಿ, ಹೊರಗೆ 12ನ್ನೇ ಕೊಡುವಂಥದ್ದು. ಬರೀ ಬಕ್ ತರಬೇಡಿ, ಅದು ಇಳಿಸುತ್ತದೆ, ಏರಿಸುವುದಿಲ್ಲ. ಮೊಬೈಲಿನ 5 ವೋಲ್ಟಿಗಾದರೆ ನಡೆಯುತ್ತದೆ.

ಅಕ್ಕ: ಇವರು ಹೇಳುತ್ತಿದ್ದಾರೆ, ಮೊಬೈಲಿಗೆ 7805 ಅಂತ 5 ವೋಲ್ಟ್ ಕೊಡುವ ಮೂರು ಕಾಲಿನ ಐಸಿ ಹಾಕಿದರೆ ಮುಗೀತಂತೆ.

ನಾನು: ಭಾವನಿಗೆ ಹೇಳು, 14ರಲ್ಲಿ 5 ಕಳೆದರೆ 9. ಮೊಬೈಲ್ 1 ಆಂಪಿಯರ್ ಎಳೆದರೆ 9 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಕಲಬುರಗಿ ಬಿಸಿಲಲ್ಲಿ, ಬಾನೆಟ್ ಕೆಳಗೆ, ಬಿಸಿ ಹೊರಹಾಕುವ ದೊಡ್ಡ ತಗಡು (ಹೀಟ್ ಸಿಂಕ್) ಇಲ್ಲದಿದ್ದರೆ ಅದು ತಾನಾಗೇ ಬಂದ್ ಆಗುತ್ತದೆ.

ಕಾಕಾ: ರಾತ್ರಿಯೆಲ್ಲ ಕ್ಯಾಮೆರಾ ಓಡಿದರೆ?

ನಾನು: ಎರಡೂ ಸೇರಿ 1 ಆಂಪಿಯರ್ ಎಳೆದರೆ 12 ತಾಸಿಗೆ ಬ್ಯಾಟರಿಯಿಂದ 12 ಆಂಪಿಯರ್-ಅವರ್ (ಆಂಪಿಯರ್ ಗುಣಿಸು ತಾಸು) ಖಾಲಿ. ಒಂದು ರಾತ್ರಿ ತಡೆದೀತು. ಗಾಡಿ ತೆಗೆಯದೆ ನಾಲ್ಕೈದು ದಿನ ಬಿಟ್ಟರೆ ಸೆಲ್ಫ್ ಎತ್ತದಿರಬಹುದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಸ್ಟಾರ್ಟಿಂಗ್ ಬ್ಯಾಟರಿ ಬಾಳುವುದಿಲ್ಲ. ಶೆಡ್ಡಿಗೆ ಬೇರೆ ಬ್ಯಾಟರಿ, ಸಣ್ಣ ಸೋಲಾರ್ ಇಡುವುದೇ ಮೇಲು.

ಕಾಕಾ: ಫ್ಯೂಸ್ ಅಂದೆ, ಕನ್ವರ್ಟರ್ ಅಂದೆ, ಈಗ ಸೋಲಾರ್. ಸೋಲಾರ್ ಮುಂದಿನ ವರ್ಷ ನೋಡೋಣ. ನಾಳೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋಗುವುದಿದೆ, ಸಾಮಾನಿನ ಚೀಟಿ ಕಳಿಸು.

ಮಾಮಾ: ನನಗೂ ಒಂದು ತನ್ನಿ ಬೀಗರೇ, 24ರದ್ದು.

ನಾನು: ಕಳಿಸುತ್ತೇನೆ ಕಾಕಾ. ಜೋಡಿಸುವ ಮುಂಚೆ ರೌಟರ್ ಪಿನ್ನಿನ ನಡುವಿನದು ಪ್ಲಸ್ಸೋ ಮೈನಸ್ಸೋ ಅಂತ ಅಡಾಪ್ಟರ್ ಮೇಲಿನ ಚಿತ್ರ ನೋಡಿ, ಮೀಟರ್ ಹಿಡಿಸಿ. ಉಲ್ಟಾ ಕೊಟ್ಟರೆ ರೌಟರ್ ಸುಟ್ಟೀತು.